ಮಗ್ಗಿನ ಬೆಲೆಯ ಫೋನು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನನ್ನ ಹತ್ತಿರ ಫಜೀತಿಗಳು ಹಾಗೆ ಬರುತ್ತವೆ, ಬಂದ ಮೇಲೆ ಬೇಗ ಹೋಗುವುದೂ ಇಲ್ಲ. ನಾನು ಹುಬ್ಬಳ್ಳಿ ಕಡೆಯವನು, ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಆಂಧ್ರಕ್ಕೆ ಬಂದು ಮೊದಲು ವಿಶಾಖಪಟ್ಟಣ, ಆಮೇಲೆ ವಿಜಯವಾಡ ನೋಡಿದೆ. ಎರಡೂ ಊರಿನ ನನ್ನ ಫಜೀತಿಗಳಿಗೆ ಮೂಲ ಒಂದೇ: ನನ್ನ ಹಳೇ ಫೋನು. ಆದರೆ ಯಾರೂ ಅಯ್ಯೋ ಪಾಪ ಅನ್ನಬೇಕಾಗಿಲ್ಲ. ನಾನು ಇದನ್ನೆಲ್ಲ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಫೋನಿನೊಳಗೆ ಪ್ರೊಸೆಸರ್ ಅಂತ ಒಂದು ಚಿಪ್ ಇರುತ್ತದೆ. ಒಳಗಿನ ಲೆಕ್ಕವನ್ನೆಲ್ಲ ಮಾಡುವುದು ಅದೇ. ಅದು ಎಷ್ಟು ವೇಗವಾಗಿ ಓಡಬೇಕು ಎಂದು ಕಂಪನಿಯವರು ಒಂದು ಮಿತಿ ಹಾಕಿ ಕಳಿಸಿರುತ್ತಾರೆ. ಒಳಗಿನ ಸಾಫ್ಟ್‌ವೇರ್ ಬದಲಿಸಿ ಆ ಮಿತಿಯನ್ನು ಮೇಲಕ್ಕೆ ಸರಿಸಿದರೆ ಅದಕ್ಕೆ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. ಮುದಿ ಎತ್ತನ್ನು ಶರ್ಯತ್ತಿಗೆ ಇಳಿಸಿದ ಹಾಗೆ. ಎತ್ತು ಓಡುವುದು ನಿಜ, ಆದರೆ ಮೈ ಕಾಯುತ್ತದೆ. ಹೊಸ ಫೋನು ಕೊಳ್ಳಲು ಯಾರಿಗಾದರೂ ಬರುತ್ತದೆ. ಹಳೆಯದನ್ನು ಓಡಿಸುವುದು ವಿದ್ಯೆ. ಆ ವಿದ್ಯೆಯನ್ನು ನಾನು ರಜೆಯ ದಿನಗಳನ್ನೆಲ್ಲ ಸುರಿದು, ಹೆಂಡತಿಯ ಬೈಗುಳ ತಿಂದು ಕಲಿತಿದ್ದೇನೆ.

೧. ಕಡಲ ದಂಡೆಯ ಹವಾಮಾನ

ವಿಶಾಖಪಟ್ಟಣದಲ್ಲಿದ್ದಾಗ ಫೋನಿನ ಕಾವು ಇಳಿಸಲು ನನಗೆ ಒಂದು ಒಳ್ಳೆಯ ಉಪಾಯ ಹೊಳೆಯಿತು. ಕಡಲ ಗಾಳಿ ಪುಕ್ಕಟೆ ಬೀಸುತ್ತಿರುವಾಗ ಫ್ಯಾನ್ ಯಾಕೆ? ಸಂಜೆ ಬ್ಯಾಂಕು ಮುಗಿಸಿ ನೆಟ್ಟಗೆ ಬೀಚ್ ರಸ್ತೆಗೆ ಹೋಗುತ್ತಿದ್ದೆ. ಪ್ರೊಸೆಸರಿನ ವೇಗ ಒಂದಿಷ್ಟು ಏರಿಸಿ, ಫೋನನ್ನು ಗಾಳಿಗೆ ಎದುರಾಗಿ ಎತ್ತಿ ಹಿಡಿದು, ಅದು ಎಷ್ಟು ಬಿಸಿಯಾಗುತ್ತದೆ ಎಂದು ಪರದೆಯ ಮೇಲೆ ನೋಡುತ್ತ ನಿಲ್ಲುವುದು ನನ್ನ ಪರೀಕ್ಷೆ.

ಬ್ಯಾಂಕಿನವರಿಗೆ ಒಂದು ಚಾಳಿ ಇದೆ. ಒಬ್ಬರು ಅಂಕಿ ಕೂಗಿ ಹೇಳಬೇಕು, ಇನ್ನೊಬ್ಬರು ಟಿಕ್ ಹಾಕಬೇಕು. ಅದೇ ರೂಢಿಯಿಂದ ನಾನು ಪರದೆಯ ಅಂಕಿಗಳನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದೆ. ಶಾಖೆಯಲ್ಲಿ ಅಂಕಿ ಕೂಗುವುದು ತೆಲುಗಿನಲ್ಲೇ ಆದ್ದರಿಂದ ಇಲ್ಲಿಯೂ ತೆಲುಗಿನಲ್ಲೇ ಬರುತ್ತಿತ್ತು. "ನಲಭೈ ಮೂಡು... ನಲಭೈ ಆರು... ಪೆರುಗುತೋಂದಿ, ಪೆರುಗುತೋಂದಿ." ನಲವತ್ತಮೂರು, ನಲವತ್ತಾರು, ಏರುತ್ತಿದೆ, ಏರುತ್ತಿದೆ ಎಂದು.

ಪಕ್ಕದಲ್ಲಿ ಮುರಿ ಮಿಕ್ಸ್ಚರ್ ಬಂಡಿಯವನಿದ್ದ. ಮುರಿ ಅಂದರೆ ನಮ್ಮ ಚುರುಮುರಿ. ನಾನು ಒಂದು ಪೊಟ್ಟಣಕ್ಕೆ ಹೇಳಿ ನಿಂತಿದ್ದೆ. ಅವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಯಂತ್ರ, ಮುಖ ಕಡಲಿನ ಕಡೆಗೆ.

"ಏಂಟಿ ಸಾರ್, ತುಫಾನಾ?" ಎಂದು ಕೇಳಿದ.

ಆ ಊರಿನವರಿಗೆ ಚಂಡಮಾರುತ ಅಂದರೆ ತಮಾಷೆಯಲ್ಲ. ಆದರೆ ನನ್ನ ಲಕ್ಷ್ಯ ಪೂರಾ ಫೋನಿನಲ್ಲಿತ್ತು. ಅವನು ಕೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. "ಹೂಂ, ಇನ್ನೂ ಏರುತ್ತೆ. ನಾನು ಬಿಡೋನಲ್ಲ" ಎಂದುಬಿಟ್ಟೆ.

ಪರೀಕ್ಷೆ ಭರ್ಜರಿಯಾಗಿ ಮುಗಿಯಿತು. ಅಷ್ಟು ವೇಗದಲ್ಲಿ ನನ್ನ ಫೋನು ಯಾವತ್ತೂ ಓಡಿರಲಿಲ್ಲ. ಖುಷಿಯಿಂದ ತಿರುಗಿ ನೋಡಿದರೆ ಮುರಿ ಬಂಡಿ ಇಲ್ಲ. ಅದರ ಪಕ್ಕದ ಜೋಳದ ತೆನೆಯ ಬಂಡಿಯೂ ಇಲ್ಲ. ಬಲೂನಿನವನು ಬಲೂನುಗಳ ಸಮೇತ ರಸ್ತೆ ದಾಟಿ ಓಡುತ್ತಿದ್ದ.

ಮರುದಿನ ಆಕಾಶ ನಿರ್ಮಲವಾಗಿತ್ತು. ನಾನು ಹೋಗಿ ಕ್ಷಮೆ ಕೇಳಬೇಕು ಅನ್ನುವಷ್ಟರಲ್ಲಿ ಬಂಡಿಯವನೇ ಎದ್ದು ಕೈ ಮುಗಿದ. ತುಫಾನನ್ನು ನಾನೇ ಬೇರೆ ಕಡೆಗೆ ತಿರುಗಿಸಿ ಕಳಿಸಿದೆ ಎಂದು ಅವನ ಲೆಕ್ಕ. ಅಂದಿನಿಂದ ವರ್ಗವಾಗುವ ತನಕ ನಾನು ಹೋಗಿ "ಇವತ್ತು ಪರವಾಗಿಲ್ಲ" ಅಂದ ಮೇಲೆಯೇ ಅವನು ಈರುಳ್ಳಿ ಹೆಚ್ಚಲು ಶುರು ಮಾಡುತ್ತಿದ್ದ.

೨. ಎಟಿಎಂ ಕೋಣೆಯ ಪಂದ್ಯ

ವಿಜಯವಾಡಕ್ಕೆ ಬಂದೆ. ಇಲ್ಲಿನ ಬಿಸಿಲಿನಲ್ಲಿ ಫೋನು ಸುಮ್ಮನೆ ಜೇಬಿನಲ್ಲಿದ್ದರೂ ಓವರ್‌ಕ್ಲಾಕ್ ಆದಂತೆ ಕಾಯುತ್ತದೆ. ಗವರ್ನರ್‌ಪೇಟೆಯ ನಮ್ಮ ಶಾಖೆಯ ಮ್ಯಾನೇಜರ್ ಸಾಹೇಬರು ಆಗ ತಾನೇ ಹೊಸ ಫೋನು ಕೊಂಡಿದ್ದರು. ಊಟದ ಹೊತ್ತಿನಲ್ಲಿ ಡಬ್ಬಿಯ ಪಕ್ಕಕ್ಕೇ ಅದನ್ನು ಇಟ್ಟುಕೊಂಡು, ನನ್ನ ಫೋನನ್ನು ನೋಡಿ, "ಇದನ್ನು ಮ್ಯೂಸಿಯಂನವರು ಕೇಳಲಿಲ್ಲವೇನ್ರೀ?" ಎಂದು ದಿನಾ ಕೇಳುವರು.

ಮಾತಿಗೂ ಒಂದು ಮಿತಿ ಇದೆ. ಒಂದು ದಿನ ನಾನು ಹೇಳಿಯೇಬಿಟ್ಟೆ. "ಸಾರ್, ಹೆಡ್ ಆಫೀಸಿನ ಆ ದೊಡ್ಡ ಸರ್ಕ್ಯುಲರ್ ಇದೆಯಲ್ಲ, ಇಬ್ಬರೂ ಒಟ್ಟಿಗೆ ಒತ್ತೋಣ. ಯಾರದು ಮೊದಲು ತೆರೆಯುತ್ತೆ ನೋಡೋಣ. ಆದರೆ ಜಾಗ ನಾನು ಹೇಳಿದ್ದು."

ಜಾಗ ಅಂದರೆ ಶಾಖೆಯ ಪಕ್ಕದ ಎಟಿಎಂ ಕೋಣೆ. ನಮ್ಮಲ್ಲಿ ಮನುಷ್ಯರಿಗಿಂತ ಯಂತ್ರಕ್ಕೆ ಹಾಕಿದ ಎಸಿ ತಂಪು. ಸಾಹೇಬರು ನಗುತ್ತ ಬಂದರು. ಇಬ್ಬರೂ ಎಸಿ ಕೆಳಗೆ ನಿಂತು, ಒಂದು, ಎರಡು, ಮೂರು ಅಂದು ಒತ್ತಿದೆವು. ನನ್ನದು ತೆರೆಯಿತು. ಅವರದರಲ್ಲಿ ಬಿಳಿ ವೃತ್ತ ಗಿರಗಿರ ತಿರುಗುತ್ತಲೇ ಇತ್ತು. ಇನ್ನೊಮ್ಮೆ ಅಂದರು, ಇನ್ನೊಮ್ಮೆಯೂ ನನ್ನದೇ. ಮೂರನೆಯ ಸಲ ಒತ್ತುವಷ್ಟರಲ್ಲಿ ಅವರ ಫೋನು ಅಪ್‌ಡೇಟ್ ಮಾಡಿಕೊಳ್ಳುತ್ತೇನೆ, ಯಾರೂ ಮಾತಾಡಿಸಬೇಡಿ ಎಂದು ಕೂತುಬಿಟ್ಟಿತು. ನನ್ನ ಎದೆ ಉಬ್ಬಿತು. ಅಂಗೈ ಸುಡುತ್ತಿತ್ತು, ಆದರೆ ಗೆದ್ದವನಿಗೆ ಅದು ಗೊತ್ತಾಗುವುದಿಲ್ಲ.

ಬಾಗಿಲು ತೆರೆದರೆ ಹೊರಗೆ ಸಾಲು! ಬ್ಯಾಂಕಿನ ಇಬ್ಬರು ಅಧಿಕಾರಿಗಳು ಒಳಗೆ ನಿಂತಿದ್ದಾರೆ ಅಂದಮೇಲೆ ಹೊಸ ನೋಟು ತುಂಬುತ್ತಿದ್ದಾರೆ ಎಂದು ಜನ ತಿಳಿದಿದ್ದರು. ಸಾಲಿನ ಬಾಲ ಬಟ್ಟೆ ಅಂಗಡಿಯ ತನಕ ಬೆಳೆದಿತ್ತು, ಆಟೋಗಳೂ ನಿಂತಿದ್ದವು. ಮೊದಲಿಗೆ ನಿಂತ ಹಿರಿಯರು, "ಆಯ್ತಾ ಸಾರ್?" ಎಂದು ಕೇಳಿದರು. ಸಾಹೇಬರು ತಮ್ಮ ಫೋನಿನ ಬಿಳಿ ವೃತ್ತವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗಂಭೀರವಾಗಿ "ಆಯ್ತು" ಎಂದರು. ಹಿರಿಯರು ಒಳಗೆ ಹೋಗಿ ಹಣ ಎಣಿಸುತ್ತ ಹೊರಗೆ ಬಂದು ನಮ್ಮಿಬ್ಬರ ಕೈ ಕುಲುಕಿದರು. "ಉರಿ ಬಿಸಿಲಿನಲ್ಲಿ ಊಟ ಬಿಟ್ಟು ಕೆಲಸ ಮಾಡಿದ್ದೀರಿ. ನಿಮ್ಮಂಥವರು ಇರಬೇಕು."

ಮರುದಿನ ಅವರು ಹೆಡ್ ಆಫೀಸಿಗೆ ಪತ್ರವನ್ನೂ ಬರೆದರು. ನಮ್ಮ ಶಾಖೆಯ ಬಗ್ಗೆ ಮೇಲಿನವರಿಗೆ ಹೊಗಳಿಕೆ ಹೋದದ್ದು ಅದೊಂದೇ ಸಲ.

೩. ನೀಲಿ ಟಬ್ಬು

ನನ್ನ ಫೋನಿಗೆ ಹೊರಗೆ ಎಷ್ಟು ಮರ್ಯಾದೆಯೋ ಮನೆಯಲ್ಲಿ ಅಷ್ಟೇ ಕಡಿಮೆ. ನಮ್ಮ ಮನೆ ಪಟಮಟದಲ್ಲಿ, ಮೊದಲ ಮಹಡಿ. ಭಾನುವಾರ ಬೆಳಿಗ್ಗೆ ಬೀದಿಗೆ ಒಂದು ಗೂಡ್ಸ್ ಆಟೋ ಬರುತ್ತದೆ. ಅದರ ತುಂಬ ಪ್ಲಾಸ್ಟಿಕ್ಕಿನ ಟಬ್ಬು, ಬಕೆಟ್ಟು, ಕುರ್ಚಿ. ತಲೆಯ ಮೇಲೆ ಮೈಕು. "ಪಾತ ಸೆಲ್ ಫೋನ್ಲು ಕೊಂಟಾಂ, ಟಬ್ಬುಲು ಇಸ್ತಾಂ" ಎಂದು ಅದರ ಧ್ವನಿ. ಹಳೇ ಫೋನು ಕೊಡಿ, ಟಬ್ಬು ಒಯ್ಯಿರಿ. ಆ ಆಟೋದಲ್ಲಿದ್ದ ಒಂದು ನೀಲಿ ಟಬ್ಬಿನ ಮೇಲೆ ನನ್ನ ಹೆಂಡತಿಯ ಕಣ್ಣು ಬಹಳ ದಿನದಿಂದ ಇತ್ತು.

ಅದಕ್ಕೆ ತಕ್ಕ ಹಾಗೆ ಒಂದು ಶನಿವಾರ ಅತ್ತೆಯವರು ಹುಬ್ಬಳ್ಳಿಯಿಂದ ನನ್ನ ಫೋನಿಗೆ ಕರೆ ಮಾಡಿದರು. ಯಾರದೋ ಮದುವೆಯ ಮಾತು. ಸೊಸೆ ಮನೆಗೆ ಬಂದಳು, ಬಂದು ಮೂರು ದಿನಕ್ಕೆ ಏನು ಮಾಡಿದಳು ಅಂದರೆ, ಎನ್ನುವಾಗ ಫೋನು ಕಾದು ಸತ್ತುಹೋಯಿತು. ಏನು ಮಾಡಿದಳು ಎಂದು ನನಗೂ ಕುತೂಹಲವಿತ್ತು. ಆದರೆ ಅತ್ತೆಯವರು, ಅಳಿಯ ಬೇಕಂತಲೇ ಕಟ್ ಮಾಡಿದ ಎಂದು ಬೀಗರಿಗೆಲ್ಲ ಹೇಳಿಬಿಟ್ಟರು. ಇದು ಅವರ ಮಾತು ತುಂಡಾದ ಮೊದಲ ಸಲವೇನೂ ಅಲ್ಲ.

ಮರುದಿನ ಆಟೋ ಬಂತು. ಹೆಂಡತಿ ಫೋನು ಹಿಡಿದು ಮೆಟ್ಟಿಲು ಇಳಿದೇಬಿಟ್ಟಳು. ನಾನು ಲುಂಗಿಯಲ್ಲೇ ಹಿಂದೆ ಓಡಿದೆ.

"ಏ, ನಿಂದ್ರ! ಅದು ಎಂಥಾ ಫೋನು ಗೊತ್ತೈತೇನ ನಿನಗ?"

"ಗೊತ್ತೈತ್ರೀ. ನಮ್ಮವ್ವನ ಮಾತು ಅರ್ಧಕ್ಕ ನುಂಗೂ ಫೋನು."

ಆಟೋದವನು ಫೋನು ತೆಗೆದುಕೊಂಡು ಅಂಗೈಯಲ್ಲಿ ತೂಗಿದ. ಹಿಂದೆ ಮುಂದೆ ತಿರುಗಿಸಿದ. ಟಬ್ಬಿನ ಕಡೆ ನೋಡಿದ, ಹೆಂಡತಿಯ ಮುಖ ನೋಡಿದ. "ಟಬ್ಬು ರಾದಮ್ಮಾ. ಮಗ್ಗು ವಸ್ತುಂದಿ" ಎಂದ. ಟಬ್ಬು ಬರುವುದಿಲ್ಲವಂತೆ, ಒಂದು ಮಗ್ಗು ಬರುತ್ತದಂತೆ!

ನನಗೆ ತಡೆಯಲಾಗದ ಅವಮಾನವಾಯಿತು. ಮಾರುವ ಮನಸ್ಸು ಇಲ್ಲದಿದ್ದರೂ ಬೆಲೆ ಕಡಿಮೆಯಾದರೆ ಹೊಟ್ಟೆ ಉರಿಯುತ್ತದೆ ನೋಡಿ. ನಡುಬೀದಿಯಲ್ಲಿ ನಿಂತು ನಾನು ಅವನಿಗೆ ಪ್ರೊಸೆಸರ್ ಅಂದರೇನು, ಕಂಪನಿಯ ಮಿತಿ ಏನು, ನಾನು ಎಲ್ಲಿಯ ತನಕ ಏರಿಸಿದ್ದೇನೆ, ನಮ್ಮ ಮ್ಯಾನೇಜರ್ ಹೇಗೆ ಸೋತರು ಎಲ್ಲ ವಿವರಿಸಿದೆ. ಅವನು ಮೈಕು ಆರಿಸಿ ಪೂರ್ತಿ ಕೇಳಿದ. ಬಹಳ ಯೋಚನೆ ಮಾಡಿದ.

"ಸರೇ ಸಾರ್," ಎಂದ. "ಮಗ್ಗಿನ ಜೊತೆ ಒಂದು ಸೋಪಿನ ಡಬ್ಬಿ."

ಫೋನು ಕಸಿದುಕೊಂಡು ಮನೆಗೆ ಬಂದೆ. ಹೆಂಡತಿ ಮೆಟ್ಟಿಲ ಮೇಲೆಯೇ ತೀರ್ಪು ಕೊಟ್ಟಳು. "ಬನ್ನಿ ಹಬ್ಬದೊಳಗ ನಿಮ್ಮ ಈ ಫೋನು ನಾಲ್ಕು ಮಂದಿ ಮುಂದ ಒಂದರ ಕೆಲಸಕ್ಕ ಬಂತು ಅಂತ ತೋರ್ಸ್ರಿ. ನಮ್ಮವ್ವನ ಮಾತೂ ನಡುವ ಕಟ್ ಆಗಬಾರದು. ಇಲ್ಲಾಂದ್ರ ಮಗ್ಗಾದ್ರೂ ಅಡ್ಡಿ ಇಲ್ಲ, ಕೊಟ್ಟ ಬಿಡ್ತೇನಿ."

ಅವಳು ಹೇಳಿದ್ದನ್ನು ಮಾಡುವವಳು. ಮೊದಲ ಬಾರಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು.

೪. ಮಾಮ್ಮಗಾರ ಮೊಣಕಾಲು

ನಮ್ಮ ಮನೆಯ ಮಾಲಕಿ ಕೆಳಗಿನ ಮನೆಯಲ್ಲೇ ಇರುವ ಅಜ್ಜಿ. ಇಡೀ ಬೀದಿ ಅವರನ್ನು ಮಾಮ್ಮಗಾರು ಅನ್ನುತ್ತದೆ, ಅಂದರೆ ಅಜ್ಜಿಯವರು. ಅವರಿಗೆ ಮೊಣಕಾಲು ನೋವು. ಅದು ಸಾಲದು ಎಂಬಂತೆ ಒಂದು ಹರಕೆ: ಇಂದ್ರಕೀಲಾದ್ರಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಕನಕದುರ್ಗಮ್ಮನನ್ನು ನೋಡಬೇಕು, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಬೇಕು. ಮಗ ಕಾರಿನಲ್ಲಿ ಮೇಲಿನ ತನಕ ಬಿಡುತ್ತೇನೆ ಅಂದರೆ, "ಕಾರಿಗೆ ಹರಕೆ ಹೊತ್ತಿದ್ದೀನಾ? ಕಾಲಿಗೆ ಹೊತ್ತಿದ್ದು" ಎಂದು ಬೈದು ಕಳಿಸಿದ್ದರು. ವರ್ಷ ವರ್ಷವೂ ಹರಕೆ ಮುಂದೆ ಹೋಗುತ್ತಿತ್ತು. ಈ ಸಲ ಅವರಿಗೆ ಅದೇ ಚಿಂತೆ. "ದುರ್ಗಮ್ಮ ಎಷ್ಟು ದಿನ ಕಾಯ್ತಾಳೆ ಬಾಬು? ನಾನೆಷ್ಟು ದಿನ ಇರ್ತೀನಿ?" ಎಂದು ಕೇಳುತ್ತಿದ್ದರು.

ಒಂದು ಸಂಜೆ ಅವರು ಕರಿಬೇವಿಗೆ ಎಂದು ಮೇಲೆ ಬಂದು, ಮೆಟ್ಟಿಲು ಹತ್ತಿದ ಸುಸ್ತಿಗೆ ನಮ್ಮ ದಿವಾನದ ಮೇಲೆ ಕೂತರು. ಅಲ್ಲಿ ಹಾಸಿಗೆಬಟ್ಟೆಯ ಕೆಳಗೆ ನನ್ನ ಫೋನು ಪರೀಕ್ಷೆಯಲ್ಲಿತ್ತು. ಕಾಲು ಚಾಚಿದರು. ಸ್ವಲ್ಪ ಹೊತ್ತಿಗೆ ಮುಖ ಅರಳಿತು.

"ಏಂಟಮ್ಮಾ ಇದಿ, ಏನಿದು? ಇಲ್ಲಿ ಬೆಚ್ಚಗೆ ಇದೆ. ನೋವು ಹೀಗೆ ಇಳಿದುಹೋಯ್ತು!"

ಹೆಂಡತಿ ಗಾಬರಿಯಾಗಿ ಬಟ್ಟೆ ಎತ್ತಿದಳು. ನಾನು ಫೋನು ತೆಗೆಯಲು ಹೋದರೆ ಮಾಮ್ಮಗಾರು ನನ್ನ ಕೈಗೆ ಒಂದು ಏಟು ಕೊಟ್ಟರು. "ಇರಲಿ ಬಿಡು!"

ಅಂದಿನಿಂದ ದಿನಾ ಸಂಜೆ ಅವರು ಬರುವುದು, ನಾನು ಫೋನನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಮೊಣಕಾಲಿಗೆ ಇಡುವುದು ಶುರುವಾಯಿತು. "ಕೊಂಚೆಂ ಪೆಂಚು ಬಾಬು" ಎನ್ನುವರು, ಸ್ವಲ್ಪ ಏರಿಸು ಎಂದು. ನಾನು ಏರಿಸುವೆ. "ಅಬ್ಬಾ, ಸಾಕು" ಎನ್ನುವರು, ಇಳಿಸುವೆ. ಹೀಗೆ ದಿನಾ ಏರಿಸಿ ಇಳಿಸಿ, ಹಿತವಾದ ಕಾವಿಗೆ ತಕ್ಕ ವೇಗ ಕಂಡುಹಿಡಿದು, ಅದಕ್ಕಿಂತ ಮೇಲೆ ಹೋಗದ ಹಾಗೆ ಬೀಗ ಹಾಕಿ, ಕಾವು ಇಳಿಯದಿರಲೆಂದು ಪ್ರೊಸೆಸರಿಗೆ ಮುಗಿಯದ ಗುಣಾಕಾರ ಕೊಟ್ಟೆ. ಆ ಸೆಟ್ಟಿಂಗಿಗೆ 'ಮೊಣಕಾಲು' ಎಂದು ಹೆಸರಿಟ್ಟೆ. ಲೋಕದವರೆಲ್ಲ ಗೇಮ್ ಆಡಲು ಓವರ್‌ಕ್ಲಾಕ್ ಮಾಡುತ್ತಾರೆ. ಒಬ್ಬ ಅಜ್ಜಿಯ ಕೀಲಿಗೆ ಅಂತ ಮಾಡಿದವನು ನಾನೊಬ್ಬನೇ ಇರಬೇಕು. ಇದನ್ನು ಬರೆಯುವಾಗಲೂ ನನ್ನ ಮೀಸೆ ಸ್ವಲ್ಪ ಮೇಲೇಳುತ್ತಿದೆ.

ನನ್ನ ಸಂತೋಷ ಹೆಂಡತಿಗೆ ಸಹಿಸಲಾಗಲಿಲ್ಲ. "ಮೆಡಿಕಲ್ ಅಂಗಡ್ಯಾಗ ಬಿಸಿನೀರಿನ ಚೀಲ ಸಿಗ್ತದಲ್ರೀ, ಅದಕ್ಯಾಕ ಇಷ್ಟ ವಿದ್ಯಾ?" ಎಂದಳು. ಮಾಮ್ಮಗಾರಿಗೆ ಕನ್ನಡ ಬಾರದಿದ್ದರೂ ಚೀಲವನ್ನು ಕೈಯಲ್ಲಿ ತೋರಿಸಿದ್ದು ಅರ್ಥವಾಯಿತು. ಅವರ ಹತ್ತಿರ ಅದೂ ಇತ್ತಂತೆ.

"ಅದು ಆರಿಹೋಗುತ್ತೆ ಅಮ್ಮಾ" ಎಂದರು. "ಇದಕ್ಕೆ ಬುದ್ಧಿ ಇದೆ. ಕಾಲು ಇರೋವರೆಗೂ ಕಾಯ್ತಾ ಇರುತ್ತೆ."

ಹೆಂಡತಿ ನನ್ನ ಕಿವಿಯಲ್ಲಿ, "ಇದು ಲೆಕ್ಕಕ್ಕಿಲ್ಲರೀ. ನಾಲ್ಕು ಮಂದಿ ಅಂದಿದ್ದೆ, ಇಲ್ಲೆ ಒಬ್ಬರ ಅದಾರ" ಎಂದಳು.

೫. ಬೆಟ್ಟದ ಮೇಲೆ

ದಸರೆಯ ಜಂಗುಳಿಗೆ ಮುಂಚೆಯೇ ಒಂದು ಶುಕ್ರವಾರ ಮಾಮ್ಮಗಾರು ಹರಕೆ ತೀರಿಸಲು ಹೊರಟರು. ಜೊತೆಗೆ ನಾವಿಬ್ಬರು. ಬೆಳಿಗ್ಗೆ ಕಾಲಿಗೆ ಕಾವು ಕೊಟ್ಟುಕೊಳ್ಳಲಿ ಎಂದು ಫೋನನ್ನು ಅವರ ಮನೆಗೆ ಕೊಟ್ಟು, ಒಂದು ಮಾತು ಹೇಳಿದ್ದೆ. "ಮಾಮ್ಮಗಾರು, ಬೆಟ್ಟದ ಮೇಲೆ ಫೋನು ಒಯ್ಯೋ ಹಾಗಿಲ್ಲ. ಹೊರಡುವಾಗ ಮನೆಯಲ್ಲೇ ಇಡಿ."

"ಮಂಚದ ಮೇಲೆ ಹಾಯಾಗಿ ಮಲಗಿದೆ ಬಾಬು" ಎಂದರು ಹೊರಡುವಾಗ. ಹೆಂಡತಿಯ ಫೋನನ್ನು ಬೆಟ್ಟದ ಕೆಳಗಿನ ಕೌಂಟರಿನಲ್ಲಿ ಆರಿಸಿ ಕೊಟ್ಟು ಚೀಟಿ ಪಡೆದೆವು.

ಮೆಟ್ಟಿಲು ಶುರುವಾದವು. ಅರಿಶಿನದ ಬಟ್ಟಲು ಹೆಂಡತಿಯ ಕೈಯಲ್ಲಿ, ಕುಂಕುಮ ನನ್ನ ಕೈಯಲ್ಲಿ. ಮಾಮ್ಮಗಾರು ಬಗ್ಗುವರು, ಹಚ್ಚುವರು, ಏಳುವರು, ಹತ್ತುವರು. ಮತ್ತೆ ಬಗ್ಗುವರು. ಅರ್ಧ ದಾರಿಗೆ ನಮಗೆ ಏದುಸಿರು. ಅವರು ಮೇಲಿನಿಂದ ತಿರುಗಿ, "ಕುಂಕುಮ ಎಲ್ಲಿ? ಬೇಗ ಬನ್ನಿ!" ಎಂದು ಕೂಗುತ್ತಿದ್ದರು. ಕೆಳಗೆ ಕೃಷ್ಣೆ ಹೊಳೆಯುತ್ತಿದ್ದಳು. ನಾನು ಕೈಪಿಡಿಗೆ ಆತು ನಿಂತು, ಇದೆಲ್ಲ ನನ್ನ ಫೋನು ಇಷ್ಟು ದಿನ ಕೊಟ್ಟ ಕಾವಿನ ಫಲ ಎಂದು ಒಳಗೊಳಗೇ ಬೀಗಿದೆ.

ಮೇಲೆ ತಪಾಸಣೆಯ ಸಾಲು. ಹೆಂಗಸರ ಕಡೆ ಒಬ್ಬ ಕಾವಲಿನ ಹೆಣ್ಣುಮಗಳು ಕೈಯಲ್ಲಿ ಕೋಲಿನಂಥ ಯಂತ್ರ ಹಿಡಿದು ಒಬ್ಬೊಬ್ಬರನ್ನೇ ಸವರಿ ಬಿಡುತ್ತಿದ್ದಳು. ಮಾಮ್ಮಗಾರ ಹೆಗಲು, ಸೊಂಟ ದಾಟಿ ಯಂತ್ರ ಮೊಣಕಾಲಿಗೆ ಬಂದದ್ದೇ ಕುಂಯ್ ಎಂದಿತು.

"ಅಮ್ಮಾ, ಮೊಣಕಾಲಿನಲ್ಲಿ ಏನಿದೆ?"

"ರಾಡ್ಡು" ಎಂದರು ಮಾಮ್ಮಗಾರು, ಕಣ್ಣು ಮಿಟುಕಿಸದೆ. "ಆಪರೇಷನ್ ಆಗಿದೆ."

ಆಪರೇಷನ್? ನಾನೂ ಹೆಂಡತಿಯೂ ಮುಖ ನೋಡಿಕೊಂಡೆವು. ಸಾಲಿನ ಹೆಂಗಸರು ಲೊಚಗುಟ್ಟಿದರು. ರಾಡು ಇಟ್ಟುಕೊಂಡು ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದಾರಲ್ಲ, ಎಂಥ ಭಕ್ತಿ ಎಂದರು. ಕಾವಲಿನವಳು ಕೈ ಮುಗಿದು, "ಹೋಗಿ ಅಮ್ಮಾ" ಎಂದಳು. ಮಾಮ್ಮಗಾರು ಒಂದು ಹೆಜ್ಜೆ ಇಟ್ಟರು.

ಆಗ ರಾಡು ಹಾಡತೊಡಗಿತು.

ನನ್ನದೇ ರಿಂಗ್‌ಟೋನು! ಸೀರೆಯ ಒಳಗಿನಿಂದ ನಾದಸ್ವರ. ಇಡೀ ಸಾಲು ತಿರುಗಿ ನೋಡಿತು. ಕಾವಲಿನವಳು ಮೊಣಕಾಲನ್ನು ನೋಡಿದಳು, ಮಾಮ್ಮಗಾರ ಮುಖ ನೋಡಿದಳು. "ಅಮ್ಮಾ," ಎಂದಳು ಬಹಳ ಮರ್ಯಾದೆಯಿಂದ, "ನಿಮ್ಮ ರಾಡಿಗೆ ಯಾರೋ ಫೋನು ಮಾಡಿದ್ದಾರೆ."

ಪಕ್ಕಕ್ಕೆ ಕರೆದು ಮೊಣಕಾಲಿಗೆ ಸುತ್ತಿದ್ದ ಬಟ್ಟೆಯ ಪಟ್ಟಿ ಬಿಚ್ಚಿದಾಗ ಟವೆಲ್ಲಿನ ಮಡಿಕೆಯೊಳಗಿನಿಂದ ನನ್ನ ಫೋನು ಹೊರಬಂತು. ತೆಗೆಯುವ ಅವಸರದಲ್ಲಿ ಅವಳ ಬೆರಳು ಹಸಿರು ಗುಂಡಿಗೆ ತಾಗಿತು. ಕಿವಿಗೆ ಹಿಡಿದರೆ ಸುಡುತ್ತದೆ ಎಂದು ನಾನು ಯಾವಾಗಲೂ ಅದನ್ನು ಸ್ಪೀಕರಿನಲ್ಲೇ ಇಟ್ಟಿರುತ್ತೇನೆ. ಹುಬ್ಬಳ್ಳಿಯ ಅತ್ತೆಯವರ ದನಿ ಬೆಟ್ಟದ ಮೇಲೆ ಮೊಳಗಿತು. ಮಗಳ ಫೋನು ಆರಿದೆ ಎಂದು ಅಳಿಯನಿಗೆ ಮಾಡಿದ್ದರು.

"ಹಲೋ ಅಳಿಯಂದ್ರ? ಅವತ್ತ ಅರ್ಧಕ್ಕ ನಿಂತಿತ್ತಲ್ಲ, ಆ ಸೊಸಿ ಏನ್ ಮಾಡಿದ್ಲು ಅಂದ್ರ..."

ನಾನು ಅತ್ತ ಓಡುವಷ್ಟರಲ್ಲಿ ಅವರು ಪೂರ್ತಿ ಕಥೆ ಹೇಳಿ ಮುಗಿಸಿದರು. ಸೊಸೆ ಅತ್ತೆಯ ಪೆಟ್ಟಿಗೆಗೆ ತನ್ನ ಬೀಗ ಹಾಕಿದ್ದಳು. ಸಾಲಿನವರಿಗೆ ಭಾಷೆ ತಿಳಿಯದಿದ್ದರೂ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ ಅತ್ತೆಯವರಿಗೇ ಅನುಮಾನ ಬಂತು. "ಅಲ್ಲಾ, ಇವತ್ತ ಯಾಕ ಕಟ್ ಆಗವಲ್ದು?"

ಅಷ್ಟು ಮೆಟ್ಟಿಲು, ಅಷ್ಟು ಬಿಸಿಲು, ಅದರ ಜೊತೆಗೆ ಒಂದು ಮೊಣಕಾಲು. ನನ್ನ ಫೋನು ಒಂದು ಅಕ್ಷರವನ್ನೂ ನುಂಗಿರಲಿಲ್ಲ. ಎಲ್ಲರ ಎದುರಿಗೇ ನನಗೆ ಕಣ್ಣು ತುಂಬಿ ಬಂತು.

ಮಾಮ್ಮಗಾರಿಗೆ ಮಾತ್ರ ಕಣ್ಣಲ್ಲಿ ನಿಜವಾದ ದಿಗಿಲಿತ್ತು. ಇಷ್ಟು ಹತ್ತಿ ಬಂದು ಇಲ್ಲಿಂದ ವಾಪಸ್ಸು ಕಳಿಸಿಬಿಟ್ಟರೆ? ಅವರು ಕಾವಲಿನವಳ ಕೈ ಹಿಡಿದುಕೊಂಡರು. "ಅಮ್ಮಾ, ಇದು ಮಾತಾಡೋಕೆ ಅಲ್ಲ, ಔಷಧಿ. ಬೇಕಾದ್ರೆ ಇಟ್ಟುಕೋ. ನನ್ನ ಹರಕೆ ನಿಲ್ಲಿಸಬೇಡ." ಅವಳು ಮಾಮ್ಮಗಾರ ಅರಿಶಿನದ ಬೆರಳುಗಳನ್ನು ನೋಡಿದಳು. "ಫೋನು ನನ್ನ ಹತ್ತಿರ ಇರಲಿ. ನೀವು ಹೋಗಿ ಬನ್ನಿ" ಎಂದು ದಾರಿ ಬಿಟ್ಟಳು. ಮಾಮ್ಮಗಾರು ದುರ್ಗಮ್ಮನ ಮುಂದೆ ಕಾಲ ಮೇಲೆ ನಿಂತು, ಬೇಡುವುದನ್ನೆಲ್ಲ ಮರೆತು ಅತ್ತರು. ಹೆಂಡತಿಯೂ ಅತ್ತಳು.

ದರ್ಶನ ಮುಗಿಸಿ ಬಂದು ನೋಡಿದರೆ, ಕಾವಲಿನವಳು ಒಂದು ಸ್ಟೂಲಿನ ಮೇಲೆ ಕೂತಿದ್ದಳು. ನನ್ನ ಫೋನು ಅವಳ ಬೆನ್ನು ಮತ್ತು ಗೋಡೆಯ ನಡುವೆ ಇತ್ತು. ಮುಖದಲ್ಲಿ ಪರಮ ಶಾಂತಿ. ಪಕ್ಕದಲ್ಲಿ ಅವಳದೇ ಸಮವಸ್ತ್ರದ ಇನ್ನೂ ಮೂವರು ತಮ್ಮ ಸರದಿಗೆ ಕಾಯುತ್ತಿದ್ದರು. ಬೆಳಗಿನಿಂದ ನಿಂತೇ ಇರುವ ಕೆಲಸ ಅವರದು. ನನ್ನನ್ನು ಕಂಡು ನಾಚಿ ಎದ್ದಳು.

"ಸಾರ್," ಎಂದು ಫೋನು ಕೊಡುತ್ತ ಕೇಳಿದಳು, "ಸೊಂಟ ನೋವಿಗೆ ಇದನ್ನು ಎಷ್ಟಕ್ಕೆ ಇಡಬೇಕು?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಆ ನಾಲ್ಕು ಮಂದಿಯನ್ನೂ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ತನ್ನ ಹರಕು ತೆಲುಗಿನಲ್ಲಿ ಹೆಮ್ಮೆಯಿಂದ ಹೇಳಿದಳು: "ಈಗ ಇರೋದು ಮೊಣಕಾಲಿನ ಸೆಟ್ಟಿಂಗ್ ಅಷ್ಟೇ. ಸೊಂಟದ್ದು ನಮ್ಮ ಮನೆಯವರು ಇನ್ನೂ ಮಾಡಬೇಕು, ಮುಂದಿನ ಶುಕ್ರವಾರ ತರ್ತೀವಿ."